ನಾಯಿಯ ಕಿವಿ ಮತ್ತೆ ಮತ್ತೆ ಸೋರುತ್ತಿದೆಯೇ? ಡ್ರಾಪ್ಸ್‌ನಿಂದ ಆಪರೇಷನ್‌ವರೆಗೆ ಹಂತ ಹಂತವಾಗಿ

ಮೆಡಿಕಲ್ ಶಾಪ್‌ನಿಂದ ಒಂದು ಇಯರ್ ಡ್ರಾಪ್ಸ್ ತರುವುದು. ನಾಲ್ಕು ದಿನ ಹಾಕುವುದು. ವಾಸನೆ ಕಡಿಮೆಯಾದ ಕೂಡಲೇ ಬಾಟಲಿಯನ್ನು ಫ್ರಿಜ್ ಮೇಲೆ ಇಟ್ಟು ಮರೆಯುವುದು. ಎರಡು ತಿಂಗಳ ನಂತರ ನಾಯಿ ಮತ್ತೆ ತಲೆ ಕೊಡವಲು ಶುರು ಮಾಡಿದರೆ ಅದೇ ಬಾಟಲಿಯನ್ನು ಹುಡುಕುವುದು. ನಾಯಿ ಸಾಕಿದ ಬಹಳಷ್ಟು ಮನೆಗಳಲ್ಲಿ ನಡೆಯುವುದು ಇದೇ. ಬೆಳಗಾವಿ ಕ್ಯಾಂಪಿನ ಲ್ಯಾಬ್ರಡಾರ್ ಇರಲಿ, ಜಮಖಂಡಿ ಕಡೆಯ ಕಬ್ಬಿನ ತೋಟದ ನಾಯಿ ಇರಲಿ, ಕತೆ ಬೇರೆಯಲ್ಲ.

ಹೀಗೆ ಅರ್ಧಕ್ಕೆ ಬಿಟ್ಟ ಸೋಂಕು ಸುಮ್ನೆ ಹೋಗುವುದಿಲ್ಲ. ಪ್ರತಿ ಸಲ ಕಿವಿಯ ಒಳದಾರಿಯನ್ನು ಒಂದಿಷ್ಟು ಕಿರಿದು ಮಾಡುತ್ತದೆ. ಚರ್ಮ ದಪ್ಪವಾಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ನಾಳದ ಮೆತ್ತನೆಯ ಎಲುಬಿನಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟೇ ಒಳ್ಳೆಯ ಔಷಧಿ ಹಾಕಿದರೂ ಒಳಗೆ ಇಳಿಯಲು ದಾರಿಯೇ ಇರುವುದಿಲ್ಲ. ಆಗ ಉಳಿಯುವುದು ಆಪರೇಷನ್ ಒಂದೇ.

ಕಿವಿಯ ಒಳಗೆ ಏನಿದೆ?

ನಮ್ಮ ಕಿವಿಯ ನಾಳ ಹೆಚ್ಚುಕಡಿಮೆ ನೇರವಾಗಿದೆ. ನಾಯಿಯದು ಹಾಗಲ್ಲ. ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಬಚ್ಚಲ ಪೈಪಿಗೆ ಹಾಕುವ ಎಲ್ಬೋ ನೆನಪಿಸಿಕೊಳ್ಳಿ. ಕೊಳೆ, ನೀರು, ಹುಲ್ಲಿನ ಬೀಜ ಎಲ್ಲವೂ ಆ ತಿರುವಿನಲ್ಲೇ ಕೂರುತ್ತವೆ. ಹೊರಗಿನಿಂದ ಇಣುಕಿದರೆ ಕಾಣುವುದು ಮೇಲಿನ ಭಾಗ ಮಾತ್ರ. ಒಳಗಿನ ತುದಿಯಲ್ಲಿ ಕಿವಿಯ ತಮಟೆ, ಅಂದರೆ ತೆಳು ಪರದೆ ಇದೆ. ಅದರ ಹಿಂದೆ ಮಧ್ಯಕಿವಿ, ಎಲುಬಿನ ಒಂದು ಸಣ್ಣ ಗೂಡು. ಇನ್ನೂ ಒಳಗಿರುವ ಒಳಕಿವಿ ಕೇಳಿಸಿಕೊಳ್ಳುವ ಕೆಲಸದ ಜೊತೆಗೆ ದೇಹದ ಸಮತೋಲವನ್ನೂ ನೋಡಿಕೊಳ್ಳುತ್ತದೆ. ನಾಯಿ ತಲೆ ಒಂದು ಕಡೆ ವಾಲಿಸಿಕೊಂಡು ತೂರಾಡುತ್ತಿದ್ದರೆ ರೋಗ ಅಲ್ಲಿಯವರೆಗೂ ಇಳಿದಿರಬಹುದು. ಅದು ಕಾಯುವ ಹೊತ್ತಲ್ಲ, ಅದೇ ದಿನ ಡಾಕ್ಟರ ಬಳಿ ಹೋಗಿ.

ಹಂತ 1: ನೋಡಿ, ಮೂಸಿ

ವಾರಕ್ಕೊಮ್ಮೆ ಎರಡೂ ಕಿವಿಯ ಹಾಲೆ ಎತ್ತಿ ನೋಡಿ. ಚೆನ್ನಾಗಿರುವ ಕಿವಿಗೆ ಹೇಳಿಕೊಳ್ಳುವಂತಹ ವಾಸನೆ ಇರುವುದಿಲ್ಲ, ಒಳಗೆ ತಿಳಿ ಗುಲಾಬಿ ಬಣ್ಣ ಇರುತ್ತದೆ. ಹುಳಿ ನಾತ, ಕಂದು ಬಣ್ಣದ ಜಿಡ್ಡು ಗುಗ್ಗೆ ಇದ್ದರೆ ಹೆಚ್ಚಾಗಿ ಯೀಸ್ಟ್ ಎಂಬ ಶಿಲೀಂಧ್ರ ಜಾತಿಯ ಸೂಕ್ಷ್ಮಜೀವಿ. ಮರಿನಾಯಿಯ ಕಿವಿಯಲ್ಲಿ ಒಣಗಿದ ಕಪ್ಪು ಪುಡಿ, ವಿಪರೀತ ತುರಿಕೆ ಇದ್ದರೆ ಕಿವಿಯ ನುಸಿ ಇರಬಹುದು. ಮನೆಯಲ್ಲಿ ಬೇರೆ ನಾಯಿ, ಬೆಕ್ಕು ಇದ್ದರೆ ಅವಕ್ಕೂ ಅಂಟುತ್ತದೆ. ಹಳದಿ ಅಥವಾ ಹಸಿರು ಕೀವು, ಮುಟ್ಟಿದರೆ ಚೀರುವಷ್ಟು ನೋವು ಇದ್ದರೆ ಬ್ಯಾಕ್ಟೀರಿಯಾ. ಅದರಲ್ಲೂ ಸ್ಯೂಡೋಮೊನಾಸ್ ಎನ್ನುವುದು ಬಂದರೆ ಕಷ್ಟ. ಬಹಳ ಆಂಟಿಬಯಾಟಿಕ್‌ಗಳಿಗೆ ಅದು ಬಗ್ಗುವುದಿಲ್ಲ.

ಇವೆಲ್ಲ ಅಂದಾಜು ಮಾತ್ರ. ಬಣ್ಣ ನೋಡಿ ಔಷಧಿ ಹಾಕಬಾರದು.

ಹಂತ 2: ಸ್ಲೈಡ್ ನೋಡಿಸಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಡಿ. ಡಾಕ್ಟರು ಹತ್ತಿಯ ಕಡ್ಡಿಯಿಂದ ಕಿವಿಯ ಗುಗ್ಗೆ ತೆಗೆದು, ಗಾಜಿನ ಸ್ಲೈಡ್ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕೆಲವು ನಿಮಿಷದ ಕೆಲಸ. ಯೀಸ್ಟ್ ಇದೆಯೋ, ದುಂಡನೆಯ ಬ್ಯಾಕ್ಟೀರಿಯಾ ಇದೆಯೋ, ಕಡ್ಡಿಯಾಕಾರದ್ದು ಇದೆಯೋ ಗೊತ್ತಾಗುತ್ತದೆ. ಔಷಧಿ ಅದರ ಮೇಲೆ ನಿಂತಿದೆ. ನಮ್ಮ ಕಡೆ ಕೇಳದೆ ಇದನ್ನು ಮಾಡುವವರು ಕಡಿಮೆ. ಹಾಗಾಗಿ ನೀವೇ ಕೇಳಿ: ‘ಡಾಕ್ಟ್ರೇ, ಕಿವಿ ಸ್ಲೈಡ್ ಒಮ್ಮೆ ನೋಡ್ತೀರಾ?’ ಹೀಗೆ ಕೇಳಿದ್ದಕ್ಕೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ.

ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಕಂಡರೆ, ಅಥವಾ ಎರಡು ಸಲ ಔಷಧಿ ಮಾಡಿಯೂ ಗುಣವಾಗದಿದ್ದರೆ, ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಯಾವ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ ಎಂದು ಅದರಲ್ಲಿ ತಿಳಿಯುತ್ತದೆ. ಕಿವಿಯೊಳಗೆ ಇಣುಕುವ ಆಟೋಸ್ಕೋಪ್ ಎಂಬ ಉಪಕರಣದಿಂದ ತಮಟೆ ಹರಿದಿದೆಯೇ ಎಂದೂ ನೋಡಿಸಿ. ತಮಟೆ ಹರಿದ ಕಿವಿಗೆ ಜೆಂಟಾಮೈಸಿನ್‌ನಂತಹ ಡ್ರಾಪ್ಸ್ ಹಾಕಿದರೆ ಒಳಕಿವಿಗೆ ಪೆಟ್ಟು ಬಿದ್ದು ನಾಯಿ ಕಿವುಡಾಗಬಹುದು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮನುಷ್ಯರ ಡ್ರಾಪ್ಸ್ ಬೇಡ ಎನ್ನುವುದು ಇದಕ್ಕೇ.

ಹಂತ 3: ತೊಳೆಯುವ ರೀತಿ

ಗುಗ್ಗೆ, ಕೀವು ತುಂಬಿದ ಕಿವಿಗೆ ಡ್ರಾಪ್ಸ್ ಹಾಕಿದರೆ ಅದು ಗುಗ್ಗೆಗೆ ಸೇರುತ್ತದೆ, ಚರ್ಮಕ್ಕಲ್ಲ. ಮೊದಲು ತೊಳೆಯಬೇಕು. ಡಾಕ್ಟರು ಬರೆದುಕೊಟ್ಟ ಕ್ಲೀನರನ್ನು ಬಾಟಲಿ ಸಮೇತ ಕೈಯಲ್ಲಿ ಹಿಡಿದು ಮೈಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದರೆ ನಾಯಿಗೆ ತಲೆ ಸುತ್ತುತ್ತದೆ, ಮರುದಿನ ಬಾಟಲಿ ಕಂಡರೇ ಮಂಚದ ಕೆಳಗೆ ಓಡುತ್ತದೆ. ಹಾಲೆಯನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ನಾಳ ತುಂಬುವಷ್ಟು ಹಾಕಿ. ಎರಡು ಹನಿ ಸಾಲದು. ಕಿವಿಯ ಬುಡವನ್ನು ಬೆರಳಿನಿಂದ 20-30 ಸೆಕೆಂಡ್ ಮೆಲ್ಲಗೆ ಅಮುಕಿ. ಪಚಪಚ ಸದ್ದು ಬರಬೇಕು. ಆಮೇಲೆ ಬಿಟ್ಟುಬಿಡಿ, ನಾಯಿ ತಲೆ ಕೊಡವುತ್ತದೆ. ಒಳಗಿನ ಕೊಳೆಯನ್ನು ತಿರುವಿನಿಂದ ಮೇಲಕ್ಕೆ ತರುವುದು ಈ ಕೊಡವಾಟವೇ. ಅಂಗಳದಲ್ಲಿ ಮಾಡಿ, ಗೋಡೆ ಉಳಿಯುತ್ತದೆ.

ಮೇಲೆ ಬಂದ ಕೊಳೆಯನ್ನು ಬೆರಳಿಗೆ ಸುತ್ತಿದ ಹತ್ತಿ ಅಥವಾ ಗಾಜ್ ಬಟ್ಟೆಯಿಂದ ಒರೆಸಿ. ಬೆರಳು ಹೋಗುವಷ್ಟೇ ಸಾಕು. ಇಯರ್ ಬಡ್ಸ್ ಮಾತ್ರ ಬೇಡ, ಅದು ಕೊಳೆಯನ್ನು ಇನ್ನಷ್ಟು ಕೆಳಕ್ಕೆ ದೂಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಆರಿದ ಮೇಲೆ ಡ್ರಾಪ್ಸ್. ವಾಸನೆ ಹೋಯಿತೆಂದು ನಿಲ್ಲಿಸಬೇಡಿ. ಸಾಮಾನ್ಯವಾಗಿ 2ರಿಂದ 4 ವಾರ ಬೇಕು. ನಿಲ್ಲಿಸುವ ಮೊದಲು ಮತ್ತೊಂದು ಸ್ಲೈಡ್ ನೋಡಿಸಿ. ಹಳೆಯ ರೋಗದಲ್ಲಿ ನಾಳದ ಊತ ಇಳಿಸಲು ಡಾಕ್ಟರು ಸ್ಟೀರಾಯ್ಡ್ ಗುಳಿಗೆಯನ್ನೂ ಕೊಡಬಹುದು. ಅದನ್ನು ಒಮ್ಮೆಲೆ ಬಿಡದೆ, ಹೇಳಿದಂತೆ ಕಡಿಮೆ ಮಾಡುತ್ತಾ ಬನ್ನಿ.

ಇನ್ನು ಮನೆಮದ್ದಿನ ಮಾತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಕೊಬ್ಬರಿ ಎಣ್ಣೆ, ಅರಿಶಿನ, ಸ್ಪಿರಿಟ್ ಯಾವುದೂ ಸೋರುವ ಕಿವಿಗೆ ಬೇಡ. ಕಿವಿಯ ಯೀಸ್ಟ್‌ಗೆ ಜಿಡ್ಡು ಎಂದರೆ ಪ್ರೀತಿ, ಎಣ್ಣೆ ಹಾಕಿದರೆ ಅದಕ್ಕೆ ಊಟ ಬಡಿಸಿದ ಹಾಗೆ. ಮಳೆಗಾಲದಲ್ಲಿ ಸೋರುವ ಕಿವಿಗೆ ನೊಣ ಕೂತು ಹುಳ ಬೀಳುವುದು ಹಳ್ಳಿಗಳಲ್ಲಿ ಜಾಸ್ತಿ. ಆಗ ಟರ್ಪೆಂಟೈನ್, ಸೀಮೆಎಣ್ಣೆ ಸುರಿಯುವವರಿದ್ದಾರೆ. ಇದ್ದ ಗಾಯದ ಮೇಲೆ ಸುಟ್ಟ ಗಾಯ ಅಷ್ಟೆ. ಹುಳ ತೆಗೆಯುವುದು ಡಾಕ್ಟರ ಕೆಲಸ, ಅಗತ್ಯವಿದ್ದರೆ ಅರಿವಳಿಕೆ ಕೊಟ್ಟು.

ಹಂತ 4: ಯಾಕೆ ಮತ್ತೆ ಬರುತ್ತದೆ?

ಯೀಸ್ಟ್, ಬ್ಯಾಕ್ಟೀರಿಯಾ ಎರಡೂ ಆಮೇಲೆ ಬಂದ ಅತಿಥಿಗಳು. ಬಾಗಿಲು ತೆರೆದವರು ಬೇರೆ ಇದ್ದಾರೆ. ಪದೇ ಪದೇ ಎರಡೂ ಕಿವಿ ಕೆಡುತ್ತಿದ್ದರೆ ಮೊದಲ ಅನುಮಾನ ಅಲರ್ಜಿಯ ಮೇಲೆ. ನಾಯಿ ಪಾದ ನೆಕ್ಕುತ್ತದೆಯೇ, ಕಂಕುಳು ಕೆರೆದುಕೊಳ್ಳುತ್ತದೆಯೇ ನೋಡಿ. ವರ್ಷದ ಒಂದೇ ಕಾಲದಲ್ಲಿ ಬಂದರೆ ಪರಾಗದ ಅಲರ್ಜಿ ಇರಬಹುದು. ವರ್ಷವಿಡೀ ಇದ್ದರೆ ಆಹಾರವನ್ನೂ ನೋಡಬೇಕು. ನಮ್ಮಲ್ಲಿ ಬೈಗುಳ ತಿನ್ನುವುದು ಜೋಳದ ರೊಟ್ಟಿ. ಆದರೆ ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ಕಂಡಿರುವುದು ದನದ ಮಾಂಸ, ಹಾಲು, ಕೋಳಿ, ಗೋಧಿಗೆ. ಇದನ್ನು ಹಿಡಿಯಲು ರಕ್ತಪರೀಕ್ಷೆಗಿಂತ ಪಥ್ಯವೇ ನಂಬಿಕೆಯದ್ದು. ನಾಯಿ ಹಿಂದೆ ತಿಂದಿರದ ಒಂದು ಆಹಾರವನ್ನು ಡಾಕ್ಟರ ಸಲಹೆಯಂತೆ ಕನಿಷ್ಠ 8 ವಾರ ಕೊಡಬೇಕು. ನಡುವೆ ಬಿಸ್ಕತ್ತಿಲ್ಲ, ಹಾಲಿಲ್ಲ, ಅಜ್ಜಿ ಕದ್ದು ಹಾಕುವ ಚಪಾತಿಯೂ ಇಲ್ಲ. ಪಥ್ಯ ಕೆಡುವುದು ಹೆಚ್ಚಾಗಿ ಅಜ್ಜಿಯಿಂದಲೇ.

ಒಂದೇ ಕಿವಿ, ಅದೂ ಇದ್ದಕ್ಕಿದ್ದಂತೆ ಕೆಟ್ಟರೆ ಒಳಗೆ ಏನೋ ಹೊಕ್ಕಿದೆ ಎಂದುಕೊಳ್ಳಿ. ಮಳೆ ಮುಗಿದು ಹುಲ್ಲು ಒಣಗಿದಾಗ ಮುಳ್ಳು ತುದಿಯ ಹುಲ್ಲಿನ ಬೀಜ ಕಿವಿಗೆ ಸೇರುತ್ತದೆ. ಅದರ ರಚನೆ ಹೇಗಿದೆಯೆಂದರೆ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಹೊಲದಲ್ಲಿ ಮೊಲದ ಹಿಂದೆ ಓಡುವ ಮುಧೋಳ ನಾಯಿಗೂ, ಕುರಿ ಹಿಂಡಿನ ನಾಯಿಗೂ ಇದು ತಪ್ಪಿದ್ದಲ್ಲ. ಉಣ್ಣಿಯೂ ನಾಳದ ಒಳಗೆ ಕಚ್ಚಿಕೊಂಡಿರಬಹುದು. ವಯಸ್ಸಾದ ನಾಯಿಯಲ್ಲಿ ಒಂದೇ ಕಿವಿ ರಕ್ತ ಬೆರೆತು ಸೋರಿದರೆ ಗಡ್ಡೆ ಇದೆಯೇ ಎಂದು ನೋಡಿಸಲೇಬೇಕು. ಥೈರಾಯ್ಡ್ ಕಡಿಮೆಯಾದರೂ ಕಿವಿ ಕೆಡುತ್ತದೆ.

ಕಾಲುವೆಯಲ್ಲೋ ಘಟಪ್ರಭಾ ಹೊಳೆಯಲ್ಲೋ ಈಜುವ ನಾಯಿಯ ಕಿವಿಯನ್ನು ಮನೆಗೆ ಬಂದೊಡನೆ ಒರೆಸಿ. ಬೆಳಗಾವಿ, ಖಾನಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಕಾಕರ್ ಸ್ಪೇನಿಯಲ್‌ನಂತಹ ಜೋಲು ಕಿವಿಯ, ಕೂದಲು ದಟ್ಟವಾದ ನಾಯಿಗೆ ಆ ನಾಲ್ಕು ತಿಂಗಳು ಜಾಸ್ತಿ ನಿಗಾ ಬೇಕು.

ಹಂತ 5: ಯಾವ ಆಪರೇಷನ್, ಯಾವಾಗ?

ತಲೆ ಕೊಡವಿ ಕೊಡವಿ ಹಾಲೆಯ ರಕ್ತನಾಳ ಒಡೆದು, ಕಿವಿ ದಿಂಬಿನಂತೆ ಉಬ್ಬುವುದುಂಟು. ಸೂಜಿ ಚುಚ್ಚಿ ರಕ್ತ ತೆಗೆದರೆ ಮತ್ತೆ ತುಂಬುತ್ತದೆ, ಮನೆಯಲ್ಲಂತೂ ಚುಚ್ಚಲೇಬೇಡಿ. ಡಾಕ್ಟರು ಹಾಲೆಯನ್ನು ಕೊಯ್ದು ರಕ್ತ ತೆಗೆದು, ಎರಡು ಪದರ ಅಂಟಿಕೊಳ್ಳುವಂತೆ ಸಾಲು ಹೊಲಿಗೆ ಹಾಕುತ್ತಾರೆ. ಇದು ಸಣ್ಣ ಆಪರೇಷನ್. ಒಳಗಿನ ಸೋಂಕಿಗೆ ಔಷಧಿ ಮಾಡದಿದ್ದರೆ ಮತ್ತೆ ಉಬ್ಬುತ್ತದೆ.

ಎರಡನೆಯದು ನಾಳದ ಹೊರಗೋಡೆಯನ್ನು ತೆರೆದು ಗಾಳಿಯಾಡುವಂತೆ ಮಾಡುವುದು. ಒಳನಾಳ ಇನ್ನೂ ಚೆನ್ನಾಗಿದ್ದರೆ ಮಾತ್ರ ಇದರಿಂದ ಲಾಭ. ಅಲರ್ಜಿ ಇದ್ದರೆ ಅದು ಇದ್ದೇ ಇರುತ್ತದೆ. ಕಾಕರ್ ಸ್ಪೇನಿಯಲ್‌ಗಳಲ್ಲಿ ಇದು ಹೆಚ್ಚಾಗಿ ಸೋಲುತ್ತದೆ. ಖರ್ಚು ಕಡಿಮೆ ಎಂದು ಇದನ್ನು ಆರಿಸಿಕೊಂಡು, ವರ್ಷದ ನಂತರ ದೊಡ್ಡ ಆಪರೇಷನ್ನಿಗೂ ದುಡ್ಡು ಕಟ್ಟುವುದು ನನಗಂತೂ ಜಾಣತನವಾಗಿ ಕಾಣುವುದಿಲ್ಲ.

ದೊಡ್ಡದು ಎಂದರೆ ಟೀಕಾ (TECA), ಅಂದರೆ ಟೋಟಲ್ ಇಯರ್ ಕೆನಾಲ್ ಅಬ್ಲೇಷನ್. ಇಡೀ ನಾಳವನ್ನು ಬುಡದವರೆಗೆ ತೆಗೆದು, ಮಧ್ಯಕಿವಿಯ ಎಲುಬಿನ ಗೂಡನ್ನು ತೆರೆದು ಕೆರೆದು ಶುಚಿ ಮಾಡುವುದು. ನಾಳ ಮುಚ್ಚಿಹೋದಾಗ, ಗಟ್ಟಿಯಾದಾಗ, ನಾಳದಲ್ಲಿ ಗಡ್ಡೆ ಇದ್ದಾಗ ಇದೇ ದಾರಿ. ಹಾಲೆ ಉಳಿಯುತ್ತದೆ, ನಾಯಿಯ ಮುಖ ಹೆಚ್ಚು ಬದಲಾಗುವುದಿಲ್ಲ. ಆ ಕಿವಿಯ ಕೇಳುವ ಶಕ್ತಿ ಮಾತ್ರ ಬಹುಪಾಲು ಹೋಗುತ್ತದೆ. ಅಷ್ಟರೊಳಗೆ ಅದು ಕೇಳಿಸಿಕೊಳ್ಳುತ್ತಿದ್ದದ್ದೂ ಅಷ್ಟಕ್ಕಷ್ಟೇ. ವರ್ಷಗಟ್ಟಲೆ ನೋವು ತಿಂದ ನಾಯಿ ಇದಾದ ಮೇಲೆ ಮತ್ತೆ ಆಟಕ್ಕೆ ಬರುತ್ತದೆ, ಸಿಡುಕು ಬಿಡುತ್ತದೆ. ಹಾಗಾಗಿ ಆಪರೇಷನ್ ಹೇಳಿದರೆಂದು ಡಾಕ್ಟರನ್ನೇ ಬದಲಿಸುತ್ತಾ ಹೋಗಬೇಡಿ.

ಅಪಾಯವನ್ನೂ ತಿಳಿದಿರಿ. ಮುಖದ ನರ ನಾಳಕ್ಕೆ ತಾಗಿಕೊಂಡೇ ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಆ ಕಡೆಯ ತುಟಿ ಜೋತು ಬೀಳುತ್ತದೆ, ಕಣ್ಣು ಮಿಟುಕಿಸಲು ಆಗುವುದಿಲ್ಲ. ಹೆಚ್ಚಿನವು ಕೆಲವು ವಾರಗಳಲ್ಲಿ ಸರಿಹೋಗುತ್ತವೆ, ಕೆಲವು ಉಳಿದುಬಿಡುತ್ತವೆ. ತಲೆ ವಾಲುವುದೂ ಉಂಟು. ಇದು ಅನುಭವದ ಕೆಲಸ, ಹಾಗಾಗಿ ‘ನೀವು ಈ ಆಪರೇಷನ್ ಎಷ್ಟು ಮಾಡಿದ್ದೀರಿ?’ ಎಂದು ಮುಜುಗರವಿಲ್ಲದೆ ಕೇಳಿ.

ಹಂತ 6: ಎಲ್ಲಿ, ಯಾವ ತಯಾರಿ?

ಸ್ಲೈಡ್, ಕಿವಿ ತೊಳೆಯುವುದು, ಹಾಲೆಯ ಹೊಲಿಗೆ ಇವಕ್ಕೆಲ್ಲ ದೂರ ಹೋಗಬೇಕಿಲ್ಲ, ಜಿಲ್ಲಾ ಕೇಂದ್ರದ ಪಶು ಪಾಲಿಕ್ಲಿನಿಕ್‌ನಲ್ಲಿ ಮೊದಲು ವಿಚಾರಿಸಿ. ದೊಡ್ಡ ಆಪರೇಷನ್ನಿಗೆ ಗದಗ, ಬೀದರ್‌ನ ಪಶುವೈದ್ಯಕೀಯ ಕಾಲೇಜು, ಬೆಂಗಳೂರಿನ ಹೆಬ್ಬಾಳದ ಕಾಲೇಜು, ಅಥವಾ ಪುಣೆ, ಮುಂಬೈ ಕಡೆಯ ದೊಡ್ಡ ಆಸ್ಪತ್ರೆಗಳನ್ನು ಕೇಳಬೇಕಾಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ, ಸರ್ಜನ್ ಇರುವ ದಿನ ಕೇಳಿಕೊಳ್ಳಿ. ರೈಲಿನಲ್ಲಾದರೆ ಫಸ್ಟ್ ಎಸಿಯ ಇಡೀ ಕೂಪೆ ಕಾಯ್ದಿರಿಸಿದರೆ ನಾಯಿಯನ್ನು ಜೊತೆಗೇ ಕರೆದೊಯ್ಯಬಹುದು. ಇಲ್ಲವಾದರೆ ಗಾರ್ಡ್ ಬೋಗಿಯ ಪೆಟ್ಟಿಗೆಯೇ ಗತಿ. ಹೊಲಿಗೆ ಹಾಕಿಸಿಕೊಂಡ ನಾಯಿಗೆ ಆ ಪೆಟ್ಟಿಗೆ ಬೇಡ, ವಾಪಸ್ ಬರಲು ಕಾರು ನೋಡಿ.

ಮಧ್ಯಕಿವಿಯ ಸ್ಥಿತಿ ತಿಳಿಯಲು ಎಕ್ಸ್‌ರೇಗಿಂತ ಸಿಟಿ ಸ್ಕ್ಯಾನ್ ಮೇಲು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಇರಲೇಬೇಕು. ನಮ್ಮ ಜಿಲ್ಲೆಗಳಲ್ಲಿ ಉಣ್ಣಿ ಜಾಸ್ತಿ. ಉಣ್ಣಿ ಜ್ವರ ಒಳಗೇ ಇದ್ದರೆ ಪ್ಲೇಟ್‌ಲೆಟ್ ಇಳಿದಿರುತ್ತದೆ, ಆಪರೇಷನ್ ಟೇಬಲ್ ಮೇಲೆ ರಕ್ತ ನಿಲ್ಲುವುದಿಲ್ಲ.

ಮುಧೋಳ ನಾಯಿ ಸಾಕಿದವರು ಡಾಕ್ಟರಿಗೆ ಇನ್ನೊಂದು ಮಾತು ಹೇಳಲೇಬೇಕು. ಗ್ರೇಹೌಂಡ್‌ನಂತಹ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್ ಎಂಬ ಅರಿವಳಿಕೆ ಕೊಟ್ಟರೆ ಅವು ಏಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಮುಧೋಳವೂ ಅದೇ ಮೈಕಟ್ಟಿನದು. ದೂರದ ಊರಿನ ಡಾಕ್ಟರಿಗೆ ತಳಿ ಗೊತ್ತಾಗಲಿ, ಬೇರೆ ಅರಿವಳಿಕೆ ಆರಿಸಿಕೊಳ್ಳುತ್ತಾರೆ.

ಹಂತ 7: ಮನೆಗೆ ಬಂದ ಮೇಲೆ

ಕೊರಳಿಗೆ ಕೋನ್ ಕಾಲರ್ ಹೊಲಿಗೆ ಬಿಚ್ಚುವವರೆಗೂ ಇರಲಿ, ಅಂದರೆ 10ರಿಂದ 14 ದಿನ. ಪಾಪ ಅನ್ನಿಸಿ ಒಂದು ರಾತ್ರಿ ತೆಗೆದರೆ ಬೆಳಗಾಗುವಷ್ಟರಲ್ಲಿ ಹೊಲಿಗೆ ಕಿತ್ತಿರುತ್ತದೆ. ಬಾಯಿ ತೆರೆಯಲು ನೋವಿರುತ್ತದೆ, ಅಗಿಯುವ ಕೆಲಸವಿಲ್ಲದ ಮೆತ್ತನೆಯ ಊಟ ಕೊಡಿ. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಬೆಲ್ಟ್ ಬಳಸಿ. ಕಣ್ಣು ಮಿಟುಕದಿದ್ದರೆ ಡಾಕ್ಟರು ಕೊಟ್ಟ ಕಣ್ಣಿನ ಹನಿಗಳನ್ನು ತಪ್ಪಿಸಬೇಡಿ. ನೋವಿಗೆ ಅವರು ಬರೆದ ಗುಳಿಗೆ ಮಾತ್ರ. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತವೆ.

ಎರಡೂ ಕಿವಿಯ ನಾಳ ತೆಗೆದಿದ್ದರೆ ಕೈಸನ್ನೆ ಕಲಿಸಿ. ಮಲಗಿದ್ದಾಗ ಹಠಾತ್ ಮುಟ್ಟಬೇಡಿ, ಗಾಬರಿಯಲ್ಲಿ ಕಚ್ಚಬಹುದು. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಓಡಾಡುವ ರಸ್ತೆಗೆ ಬೆಲ್ಟ್ ಇಲ್ಲದೆ ಬಿಡಬೇಡಿ, ಹಾರ್ನ್ ಅದಕ್ಕೆ ಕೇಳುವುದಿಲ್ಲ.

ಮಧ್ಯಕಿವಿಯ ಗೂಡಿನ ಒಳಪದರ ಒಂದಿಷ್ಟು ಉಳಿದುಬಿಟ್ಟರೆ ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷ ಕಳೆದ ಮೇಲೂ, ಕಿವಿಯ ಕೆಳಗೆ ಊತ ಬಂದು ಕೀವು ಸೋರಬಹುದು. ಬಾಯಿ ತೆರೆಯುವಾಗ ಕುಯ್ಗುಟ್ಟುವುದು ಅದರ ಮೊದಲ ಸೂಚನೆ. ಆಂಟಿಬಯಾಟಿಕ್ ಕೊಟ್ಟಾಗ ಇಳಿದು, ಬಿಟ್ಟಾಗ ಮತ್ತೆ ಬಂದರೆ ಆಪರೇಷನ್ ಮಾಡಿದವರಿಗೇ ತೋರಿಸಿ, ಮತ್ತೊಮ್ಮೆ ತೆರೆಯಬೇಕಾದೀತು. ಒಂದೇ ಕಿವಿಯ ನಾಳ ತೆಗೆದಿದ್ದರೆ ಇನ್ನೊಂದು ಕಿವಿಯ ತೊಳೆಯುವಿಕೆ, ಅಲರ್ಜಿಯ ಪಥ್ಯ ಎರಡೂ ಹಾಗೇ ನಡೆಯಲಿ.