ಆಲ್ಬಿಯನ್ ಕೈಯಂತ್ರದಲ್ಲಿ ಎಂಟು ಪುಟ

ಲಂಡನ್ನಿನಲ್ಲಿದ್ದಾಗ ಪ್ರತಿ ಶನಿವಾರ ಕೈಮುದ್ರಣ ಕಲಿಸುವ ಸಣ್ಣ ಕಾರ್ಯಾಗಾರವೊಂದಕ್ಕೆ ಹೋಗುತ್ತಿದ್ದೆ. ಅಲ್ಲಿದ್ದದ್ದು ಆಲ್ಬಿಯನ್ ಎಂಬ ಕೈಯಂತ್ರ, ಹಿಡಿ ಎಳೆದು ಅಚ್ಚೊತ್ತುವಂಥದು. 1891ರಲ್ಲಿ ಇಂಗ್ಲಿಷ್ ಕವಿ, ವಿನ್ಯಾಸಕಾರ, ಸಮಾಜವಾದಿ ವಿಲಿಯಂ ಮಾರಿಸ್ ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ಎಂಬ ತಮ್ಮ ಮುದ್ರಣಾಲಯ ಆರಂಭಿಸಿದಾಗ ಬಳಸಿದ್ದೂ ಇದೇ ಬಗೆಯ ಯಂತ್ರವನ್ನು. ದುಡಿಮೆಯನ್ನು ಕುರಿತ ಅವರ 1884ರ ಉಪನ್ಯಾಸದ ಮೊದಲ ಭಾಗವನ್ನು ಅವರದೇ ಕ್ರಮದಲ್ಲಿ ಎಂಟು ಪುಟಗಳ ಪುಸ್ತಿಕೆಯಾಗಿ 40 ಪ್ರತಿ ಅಚ್ಚು ಹಾಕಬೇಕೆಂದು ನಿಶ್ಚಯಿಸಿದೆ.

ಹದಿನೈದನೆಯ ಶತಮಾನದ ವೆನಿಸ್ ಮುದ್ರಕ ನಿಕೋಲಾಸ್ ಜೆನ್ಸನ್‌ನ ಅಕ್ಷರಗಳನ್ನು ನೋಡಿ ಮಾರಿಸ್ ತಮ್ಮ 'ಗೋಲ್ಡನ್' ಎಂಬ ಅಚ್ಚುಮೊಳೆಗಳನ್ನು ರೂಪಿಸಿದ್ದರು. ನಮ್ಮಲ್ಲಿದ್ದದ್ದು ಕ್ಯಾಸ್ಲನ್ ಎಂಬ ಬೇರೆ ಬಗೆಯ ಮೊಳೆಗಳು ಮಾತ್ರ. ಪುಟದ ಅಂಚುಗಳಲ್ಲಿ ಮಾತ್ರ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಪುಸ್ತಕದ ಘಟಕವೆಂದರೆ ಒಂಟಿ ಪುಟವಲ್ಲ, ತೆರೆದಾಗ ಎದುರುಬದುರಾಗುವ ಜೋಡಿ ಪುಟ ಎಂಬುದು ಅವರ ನಿಲುವು. ಆದ್ದರಿಂದ ಒಳ ಅಂಚು ಎಲ್ಲಕ್ಕಿಂತ ಕಿರಿದು, ಅಲ್ಲಿಂದ ಮೇಲಂಚು, ಹೊರ ಅಂಚು, ಕೆಳ ಅಂಚು ಎಂಬ ಕ್ರಮದಲ್ಲಿ ಒಂದಕ್ಕಿಂತ ಒಂದು ಐದನೆಯ ಒಂದು ಪಾಲಿನಷ್ಟು ಹೆಚ್ಚು. ನಾನು ಒಳಗೆ 20 ಮಿಲಿಮೀಟರ್ ಬಿಟ್ಟು, ಉಳಿದವನ್ನು 24, 29, 35 ಎಂದು ಇಟ್ಟುಕೊಂಡೆ. ಮೊದಲ ಕರಡಚ್ಚು ತೆಗೆದಾಗ ಎರಡು ಪುಟಗಳ ಅಕ್ಷರರಾಶಿಗಳು ಒಂದನ್ನೊಂದು ಹಿಡಿದುಕೊಂಡಂತೆ ನಿಂತಿದ್ದವು.

ಕಾಗದ ನೆನೆಸುವ ಕೆಲಸವೇ ನನ್ನನ್ನು ಹೆಚ್ಚು ಕಾಡಿದ್ದು. ಕೈಯಿಂದ ತಯಾರಿಸಿದ ಕಾಗದ ಗಡುಸು. ಹದವಾಗಿ ಒದ್ದೆ ಮಾಡಿದರಷ್ಟೇ ಮೊಳೆಯ ಒತ್ತು ಅದರಲ್ಲಿ ಇಳಿಯುತ್ತದೆ. ಮೊದಲ ವಾರ ನೀರು ಅತಿಯಾಗಿ, ಶಾಯಿ ಹಿಡಿಯದೆ ಅಕ್ಷರಗಳು ಮಚ್ಚೆಮಚ್ಚೆಯಾಗಿ ಮೂಡಿದವು. ಮುಂದಿನ ವಾರ ಪ್ರತಿ ಮೂರನೆಯ ಹಾಳೆಗೆ ಮಾತ್ರ ಸ್ಪಂಜಿನಿಂದ ನೀರು ಸವರಿ, ಎಲ್ಲವನ್ನೂ ಒಟ್ಟಿಗೆ ಪೇರಿಸಿ, ರಾತ್ರಿಯಿಡೀ ಭಾರ ಹೇರಿಟ್ಟೆ. ಬೆಳಗ್ಗೆ ಹಾಳೆಯನ್ನು ಕೆನ್ನೆಗೆ ಒತ್ತಿದರೆ ತಣ್ಣಗಿತ್ತು, ತೇವ ಕೈಗೆ ಅಂಟುತ್ತಿರಲಿಲ್ಲ. ಹದ ಸಿಕ್ಕಿತೆಂದು ಗೊತ್ತಾದದ್ದು ಹಾಗೆ.

ಒಂದು ಪ್ರತಿಗೆ ಎರಡು ಹಾಳೆ, ನಾಲ್ಕು ಮಗ್ಗುಲು; 40 ಪ್ರತಿಗೆ, ಹಾಳಾದವನ್ನು ಬಿಟ್ಟು, 160 ಬಾರಿ ಹಿಡಿಯನ್ನು ಎಳೆಯಬೇಕಾಯಿತು. ಒಬ್ಬರು ಶಾಯಿ ಹಚ್ಚಿದರೆ ಇನ್ನೊಬ್ಬರು ಎಳೆಯಬೇಕು, ಒಂಟಿಯಾಗಿ ಸಾಗುವ ಕೆಲಸವಲ್ಲ. ಒಳ್ಳೆಯ ದುಡಿಮೆಯಲ್ಲಿ ವಿಶ್ರಾಂತಿಯ ಭರವಸೆ, ಫಲದ ಭರವಸೆ, ಕೆಲಸದಲ್ಲೇ ಸಂತೋಷ ಕಾಣುವ ಭರವಸೆ ಇರಬೇಕೆಂದು ನಾವು ಅಚ್ಚು ಹಾಕುತ್ತಿದ್ದ ಪುಟಗಳೇ ಹೇಳುತ್ತಿದ್ದವು. ಮೂರನೆಯದು ಏನೆಂದು, ತೋಳು ಸೋತ ಮೇಲೂ ಮುಂದಿನ ಹಾಳೆ ನೋಡುವ ಆಸೆ ಉಳಿದಾಗ, ನನಗೆ ಅರ್ಥವಾಯಿತು.

ಕೆಲ್ಮ್‌ಸ್ಕಾಟ್ ಪುಸ್ತಕಗಳ ಬೆಲೆಯ ವಿಷಯವೂ ಆಗ ಮನಸ್ಸಿನಲ್ಲಿತ್ತು. ಮಧ್ಯಯುಗದ ಇಂಗ್ಲಿಷ್ ಕವಿ ಚಾಸರ್‌ನ 1896ರ ಕೃತಿಸಂಪುಟದ ಕಾಗದದ ಪ್ರತಿಗೆ 20 ಪೌಂಡ್. ಅಂಥದನ್ನು ಕೊಳ್ಳುವುದು ಕಾರ್ಮಿಕನಿಗೆ ಕನಸಿನ ಮಾತು. ಅದೇ ಮಾರಿಸ್ ಸಮಾಜವಾದಿ ಪತ್ರಿಕೆ 'ಕಾಮನ್‌ವೀಲ್' ಅನ್ನು ಒಂದು ಪೆನ್ನಿಗೆ ಹೊರತರುತ್ತಿದ್ದವರು ಎಂಬುದನ್ನು ಮರೆಯಬಾರದು. ನನಗೆ ಬೆಲೆಗಿಂತ ಹೆಚ್ಚು ನೋವಾದದ್ದು ಇನ್ನೊಂದು: ಆ ಗ್ರಂಥದ ಮುದ್ರಣ ವಿವರದಲ್ಲಿ ಸಂಪಾದಕರು, ಚಿತ್ರ ಬರೆದ ಬರ್ನ್-ಜೋನ್ಸ್, ಮರದಲ್ಲಿ ಕೆತ್ತಿದ ಹೂಪರ್ ಇದ್ದಾರೆ, ಮೊಳೆ ಜೋಡಿಸಿದವರು, ಹಿಡಿ ಎಳೆದವರು ಇಲ್ಲ.

ನಮ್ಮ ಪುಸ್ತಿಕೆಯ ಎಂಟನೆಯ ಪುಟದ ಮೊಳೆಗಳನ್ನು ಕೊನೆಯಲ್ಲಿ ಜೋಡಿಸಿದೆ. ಅಲ್ಲಿ ಶಾಯಿ ಹಚ್ಚಿದ ಗೆಳತಿಯ ಹೆಸರು ಮೊದಲು, ನನ್ನದು ಆಮೇಲೆ, ಇಬ್ಬರದೂ ಒಂದೇ ಅಳತೆಯ ಅಕ್ಷರದಲ್ಲಿ.