ಪುಟ್ಟ ಮಕ್ಕಳಿಗೆ ಹತ್ತು ‘ನಮಾನ್ ಮರಿಯೆ’ ಸಾಕು

ನಾನು ಚಿಕ್ಕವಳಿದ್ದಾಗ ಸಂಜೆ ಆಮೊರಿ, ಅಂದರೆ ಚರ್ಚಿನ ಪ್ರಾರ್ಥನೆಯ ಗಂಟೆ, ಕೇಳಿದರೆ ಎಲ್ಲಿದ್ದರೂ ಮನೆಗೆ ಓಡಬೇಕಿತ್ತು. ಆಲ್ತಾರಿನ (ದೇವರ ಪೀಠದ) ಮುಂದೆ ಮೊಣಕಾಲೂರಿ, ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಅರ್ಧವಾಗುವಷ್ಟರಲ್ಲಿ ತೂಕಡಿಸಿ, ಪಪ್ಪನಿಂದ ಮೊಟಕಿಸಿಕೊಳ್ಳುತ್ತಿದ್ದೆ. ಈಗ ಮಂಗಳೂರಿನ ಇಗರ್ಜಿಯೊಂದರಲ್ಲಿ (ಚರ್ಚಿನಲ್ಲಿ) ಭಾನುವಾರ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಕಲಿಸುತ್ತೇನೆ. ತಾಯಂದಿರು ಕೇಳುವುದು ಒಂದೇ: “ಟೀಚರ್, ಇವ ಪ್ರಾರ್ಥನೆಗೆ ಕೂರುವುದೇ ಇಲ್ಲ, ಎಂತ ಮಾಡುವುದು?” ಕೂರಿಸಬೇಡಿ, ಕೈಗೆ ಕೆಲಸ ಕೊಡಿ ಅನ್ನುತ್ತೇನೆ.

ಮೊದಲು, ಸಂಜೆಯ ಪ್ರಾರ್ಥನೆ

ಪೂರ್ತಿ ತೇರ್ಸ್‌ನಲ್ಲಿ 53 ‘ನಮಾನ್ ಮರಿಯೆ’ (ಮರಿಯ ಮಾತೆಗೆ ಹೇಳುವ ಪ್ರಾರ್ಥನೆ) ಇವೆ. ನಾಲ್ಕು ವರ್ಷದ ಮಗುವಿಗೆ ಅದು ಹೆಚ್ಚಾಯಿತು. ಮೊದಲ ಹತ್ತಕ್ಕೆ ಜೊತೆಗಿರಲಿ, ಮಣಿ ಸರಿಸುವ ಕೆಲಸ ಅದರದ್ದೇ. ಮೇಣದಬತ್ತಿ ನೀವು ಹಚ್ಚಿ, ಆರಿಸುವ ಸರದಿ ಮಗುವಿಗೆ ಬಿಡಿ. ಕೊನೆಗೆ ಹಿರಿಯರಿಂದ ಶುರುಮಾಡಿ ಒಬ್ಬೊಬ್ಬರ ಬಳಿಯೂ ಕೈ ಜೋಡಿಸಿ ಬೆಸಾಂವ್ (ಆಶೀರ್ವಾದ) ಕೇಳಲಿ. ಅಜ್ಜಿ ಹಣೆಗೆ ಶಿಲುಬೆ ಗುರುತು ಹಾಕುವ ಆ ಗಳಿಗೆಯನ್ನು ಮಾತ್ರ ಯಾವ ಧಾರಾವಾಹಿಗೂ ಬಿಟ್ಟುಕೊಡಬೇಡಿ.

ನಂತರ, ಕಥೆ

ಮಂಗಳೂರಿನ ಬಂದರಿನಿಂದ ನದಿಯಾಚೆಯ ಬೆಂಗ್ರೆಗೆ ದೋಣಿಯಲ್ಲಿ ಹೋಗುವಾಗ ಯೇಸು ಬಿರುಗಾಳಿಯನ್ನು ಸುಮ್ಮನಾಗಿಸಿದ ಕಥೆ ಹೇಳಿ. ದೋಣಿಯ ಹಿಂಭಾಗದಲ್ಲಿ ಯೇಸು ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದರೆಂದು ಬೈಬಲಿನ ಮಾರ್ಕನ ಸುವಾರ್ತೆ ಹೇಳುತ್ತದೆ. ಆ ದಿಂಬನ್ನು ಮರೆಯದೆ ಹೇಳಿ, ಮಕ್ಕಳ ಪ್ರಶ್ನೆಗಳೆಲ್ಲ ಅಲ್ಲಿಂದಲೇ ಹುಟ್ಟುವುದು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೂ ಕರೆದೊಯ್ಯಿರಿ. ಇಟಲಿಯ ಜೆಸ್ವಿಟ್ (ಯೇಸುಸಭೆ ಎಂಬ ಕ್ರೈಸ್ತ ಸನ್ಯಾಸಿ ಸಂಘದ) ಸಹೋದರ ಆಂತೋನಿಯೊ ಮೊಸ್ಕೇನಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅದರ ಗೋಡೆ, ಚಾವಣಿ ತುಂಬ ಚಿತ್ರ ಬಿಡಿಸಿದ್ದಾರೆ. ಒಂದು ಭೇಟಿಗೆ ಒಂದೇ ಚಿತ್ರ. ಎಲ್ಲ ತೋರಿಸಲು ಹೊರಟರೆ ಕುತ್ತಿಗೆ ನೋವಷ್ಟೇ ನೆನಪುಳಿಯುತ್ತದೆ.

ಹಬ್ಬಗಳನ್ನು ಕೈಗೆ ಕೊಡಿ

ಆಗಸ್ಟ್ 30ರಿಂದ ಒಂಬತ್ತು ದಿನ ಮರಿಯ ಮಾತೆಯ ಹುಟ್ಟುಹಬ್ಬವಾದ ಮೊಂತಿ ಫೆಸ್ತ್‌ನ ನೊವೆನಾ (ವಿಶೇಷ ಪ್ರಾರ್ಥನೆ). ಹೂವಿನ ಬುಟ್ಟಿಗಾಗಿ ಅಂಗಡಿಗೆ ಓಡುವ ಮೊದಲು, ಮಗುವನ್ನು ನೆರೆಮನೆಯ ಅಂಗಳಕ್ಕೆ ಕಳಿಸಿ. ನಮ್ಮೂರಿನಲ್ಲಿ ಮಾತೆಗೆಂದು ಕೇಳಿದರೆ ದಾಸವಾಳ ಕೊಡದ ಮನೆ, ಅದು ಯಾವ ಧರ್ಮದವರದ್ದೇ ಇರಲಿ, ನಾನು ಕಂಡಿಲ್ಲ. ಸೆಪ್ಟೆಂಬರ್ 8ರಂದು ಆಶೀರ್ವದಿಸಿ ತಂದ ತೆನೆಯ ಭತ್ತವನ್ನು ಮಗುವೇ ಉಗುರಿನಿಂದ ಸುಲಿಯಲಿ. ಅಕ್ಕಿ ಅರ್ಧ ನೆಲಕ್ಕೆ ಬೀಳುತ್ತದೆ, ಬೀಳಲಿ. ಉಳಿದದ್ದನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಸೇರಿಸಿ, ಬಾಳೆಯೆಲೆಯ ಸಸ್ಯಾಹಾರದೂಟಕ್ಕೆ ಮೊದಲು ಎಲ್ಲರಿಗೂ ಹಂಚುವಾಗ, ಮಗು ತಾನೇ ಊಟ ಬಡಿಸಿದ ಗತ್ತಿನಲ್ಲಿರುತ್ತದೆ.

ಕ್ರಿಸ್‌ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಎರಡು ವಾರ ಮೊದಲೇ ಡಬ್ಬಿಯ ಮುಚ್ಚಳಗಳಲ್ಲಿ ರಾಗಿ ಬಿತ್ತಿಸಿದರೆ ಹುಲ್ಲು ಸಿದ್ಧ.

ಕಷ್ಟದ ಪ್ರಶ್ನೆ ಬಂದಾಗ

“ದೇವರು ಕಣ್ಣು ತೆಗೆಯುತ್ತಾರೆ ನೋಡು” ಎಂದು ಹೆದರಿಸಿ ಊಟ ಮಾಡಿಸುವವರಿದ್ದಾರೆ. ಅನ್ನ ಒಳಗೆ ಹೋಗಬಹುದು, ದೇವರು ಮಾತ್ರ ಗುಮ್ಮನಾಗಿಬಿಡುತ್ತಾರೆ.

ಇದಕ್ಕಿಂತ ನಾಜೂಕಿನದ್ದು ಸಾವು. ನನ್ನ ತರಗತಿಯ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಪ್ರಾರ್ಥನೆ ಬಿಟ್ಟಳು. ಕೇಳಿದರೆ, “ಅಜ್ಜಿ ಒಳ್ಳೆಯವರೆಂದು ದೇವರು ಕರೆದುಕೊಂಡರಂತೆ. ನಾನು ಒಳ್ಳೆಯವಳಾದರೆ?” ಸಮಾಧಾನಕ್ಕೆಂದು ದೊಡ್ಡವರು ಹೇಳಿದ ಮಾತೇ ಅವಳನ್ನು ಹೆದರಿಸಿತ್ತು. ಅಜ್ಜಿಗೆ ಕಾಯಿಲೆಯಿತ್ತು, ಔಷಧಿ ಸಾಲಲಿಲ್ಲ, ಈಗ ದೇವರ ಬಳಿ ಇದ್ದಾರೆ, ನಮಗೂ ಬೇಸರವಿದೆ. ಇಷ್ಟು ಹೇಳಿದರೆ ಸಾಕಿತ್ತು. “ನಾವು ಅಷ್ಟು ಬೇಡಿಕೊಂಡರೂ ಯಾಕೆ ಗುಣವಾಗಲಿಲ್ಲ?” ಎಂದು ಮಗು ಕೇಳಿದರೆ, “ನನಗೂ ಗೊತ್ತಿಲ್ಲ ಮಗಾ” ಎನ್ನಲು ಹಿಂಜರಿಯಬೇಡಿ.

ನವೆಂಬರ್ 2, ಮೃತರ ಸ್ಮರಣೆಯ ದಿನ, ಮಗುವನ್ನೂ ಸಿಮಿತ್ರಿಗೆ (ಸ್ಮಶಾನಕ್ಕೆ) ಕರೆದೊಯ್ಯಿರಿ. ಸಮಾಧಿಯ ಮೇಲಿನ ತರಗೆಲೆ ಅದು ಗುಡಿಸಲಿ, ಹೆಸರನ್ನು ಅದೇ ಕೂಡಿಸಿ ಓದಲಿ, ಹೂವಿಡಲಿ. ಅಜ್ಜಿಗೆ ಏನಾದರೂ ಹೇಳುವುದಿದ್ದರೆ ಹೇಳಲು ಬಿಟ್ಟು ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ. ಬೆಂಕಿಪೊಟ್ಟಣ ಎರಡು ಇರಲಿ. ಅಲ್ಲಿ ಗಾಳಿ ಜೋರು, ಮಗು ಪ್ರತಿ ಸಲವೂ ಆರಿದ ಮೇಣದಬತ್ತಿ ಮತ್ತೆ ಹಚ್ಚಲೇಬೇಕು ಅನ್ನುತ್ತದೆ.