ಆಸ್ಪತ್ರೆ ಖರ್ಚು: ಸರ್ಕಾರದ ಪಾಲು ಎಲ್ಲಿಯವರೆಗೆ, ನಮ್ಮ ಪಾಲು ಎಲ್ಲಿಂದ

"ಬಿಪಿಎಲ್ ಕಾರ್ಡ್ ಇದೆಯಲ್ಲ, ಐದು ಲಕ್ಷದವರೆಗೆ ಫ್ರೀ" ಎನ್ನುವ ಮಾತು ಹಾಸನದ ಬಸ್ ಸ್ಟ್ಯಾಂಡಿನಿಂದ ಕೊಪ್ಪದ ಸಂತೆಯವರೆಗೆ ಎಲ್ಲರ ಬಾಯಲ್ಲೂ ಇದೆ. ಮಾತು ಸುಳ್ಳೇನಲ್ಲ, ಆದರೆ ಅರ್ಧ. ಸರಿಯಾದ ಕಾರ್ಡ್ ಹಿಡಿದು ಸರಿಯಾದ ಬಾಗಿಲಿಂದ ಆಸ್ಪತ್ರೆ ಹೊಕ್ಕವರಿಗೆ ಮಾತ್ರ ಆ ಐದು ಲಕ್ಷ. ಬಾಗಿಲು ತಪ್ಪಿದರೆ ಅದೇ ಕಾಯಿಲೆ, ಅದೇ ಆಪರೇಷನ್, ಹಣ ಮಾತ್ರ ಮನೆಯದು. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಇನ್ನೂ ಜನರ ಜೇಬಿನಿಂದಲೇ ಹೋಗುತ್ತಿದೆ. ಅದರಲ್ಲಿ ಒಂದಷ್ಟನ್ನು ಕಾಗದಪತ್ರ ಸರಿ ಮಾಡಿಕೊಂಡೇ ಉಳಿಸಬಹುದು. ಆ ಕೆಲಸ ಮಾಡಬೇಕಾದ್ದು ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ.

ಮೊದಲು ಪಡಿತರ ಚೀಟಿ ತೆಗೆದು ನೋಡಿ

ರಾಜ್ಯದಲ್ಲಿ ಈಗಿರುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಕೇಂದ್ರದ್ದೂ ರಾಜ್ಯದ್ದೂ 2018ರ ಅಕ್ಟೋಬರ್ ಕೊನೆಯಲ್ಲಿ ಒಂದಾದವು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ, ಆಸ್ಪತ್ರೆಗೆ ಹಣ ಕೊಡುವುದೂ ಅದೇ. ಬಿಪಿಎಲ್ ಮತ್ತು ಅಂತ್ಯೋದಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಟ್ಟು 1.5 ಲಕ್ಷ ರೂ. ಮೀರದಂತೆ. ಪ್ಯಾಕೇಜ್ ದರ 1 ಲಕ್ಷ ಇದ್ದರೆ ಸರ್ಕಾರದ್ದು 30 ಸಾವಿರ, ನಿಮ್ಮದು 70 ಸಾವಿರ. 5 ಲಕ್ಷವಾಗಲಿ 1.5 ಲಕ್ಷವಾಗಲಿ, ಇಡೀ ಮನೆಗೆ ಸೇರಿ ಅಷ್ಟು. ತಲೆಗೆ ಅಷ್ಟೆಂದು ಲೆಕ್ಕ ಹಾಕಿ ಕುಳಿತವರು ಎರಡನೇ ಆಪರೇಷನ್ನಿಗೆ ಸಿಕ್ಕಿಬೀಳುತ್ತಾರೆ.

ಎಲ್ಲವೂ ನಿಂತಿರುವುದು ಪಡಿತರ ಚೀಟಿಯ ಮೇಲೆ, ಎಡವುವುದೂ ಅಲ್ಲೇ. ಚೀಟಿ ಪರಿಶೀಲನೆಯಲ್ಲಿ ಬಿಪಿಎಲ್ ಎಪಿಎಲ್ ಆಗಿರುತ್ತದೆ, ಮನೆಯವರಿಗೆ ಅದು ಗೊತ್ತಾಗುವುದು ಆಸ್ಪತ್ರೆಯ ಕಂಪ್ಯೂಟರಿನ ಮುಂದೆ. ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲಿರುತ್ತದೆ. ಆಧಾರ್‌ನಲ್ಲಿ "ಪುಟ್ಟಸ್ವಾಮಿಗೌಡ", ಚೀಟಿಯಲ್ಲಿ "ಪುಟ್ಟಸ್ವಾಮಿ". ವರ್ಷಕ್ಕೊಮ್ಮೆ ನ್ಯಾಯಬೆಲೆ ಅಂಗಡಿಯಲ್ಲಿ ಚೀಟಿಯ ಈಗಿನ ವರ್ಗವನ್ನೂ ಹೆಸರುಗಳನ್ನೂ ಕೇಳಿ ನೋಡಿ. ತಿದ್ದುಪಡಿಗೆ ಅರ್ಜಿ ಕೊಟ್ಟ ಮಾರನೇ ದಿನವೇ ಚೀಟಿ ಸರಿಯಾಗುವುದಿಲ್ಲ. ಮಂಚದ ಮೇಲೆ ರೋಗಿ ಇರುವಾಗ ಆ ಕೆಲಸ ಆಗುವುದೂ ಇಲ್ಲ.

ಆಯುಷ್ಮಾನ್ ಕಾರ್ಡನ್ನು ಗ್ರಾಮ ಒನ್, ಸಾಮಾನ್ಯ ಸೇವಾ ಕೇಂದ್ರ ಅಥವಾ ಮೊಬೈಲಿನ ಆಯುಷ್ಮಾನ್ ಆ್ಯಪ್‌ನಲ್ಲಿ ಮಾಡಿಸಬಹುದು. ಮನೆಯ ಪ್ರತಿಯೊಬ್ಬರಿಗೂ ಬೇರೆ ಕಾರ್ಡ್. ಯಜಮಾನರದ್ದು ಮಾಡಿಸಿದರೆ ಸಾಲದು. ಬೇಕಾದ್ದು ಆಧಾರ್, ಪಡಿತರ ಚೀಟಿ, ಆಧಾರ್‌ಗೆ ಜೋಡಿಸಿದ ಮೊಬೈಲ್. ಕಾಫಿ ಕೊಯ್ದು, ಅಡಿಕೆ ಸುಲಿದು, ಶುಂಠಿ ಕಿತ್ತು ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚು ಹಿಡಿಯುವುದೇ ಇಲ್ಲ. ಅಂಥವರು ಮೊದಲು ಆಧಾರ್ ಕೇಂದ್ರದಲ್ಲಿ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಜೋಡಿಸಿಕೊಂಡು ಓಟಿಪಿ ಮೂಲಕ ಮುಗಿಸಲಿ. ಮುಖ ಅಥವಾ ಕಣ್ಣಿನ ಗುರುತಿನಲ್ಲೂ ಆಗುತ್ತದೆ. ಇನ್ನೊಂದು ಗೊಂದಲ ಇದೆ: 14 ಅಂಕಿಯ ಆಭಾ ಸಂಖ್ಯೆ ವೈದ್ಯಕೀಯ ದಾಖಲೆ ಇಡಲು ಮಾತ್ರ. ಅದರಿಂದ ಒಂದು ರೂಪಾಯಿಯ ಚಿಕಿತ್ಸೆಯೂ ಸಿಗುವುದಿಲ್ಲ. ಆಭಾ ಮಾಡಿಸಿಕೊಂಡು "ಆಯುಷ್ಮಾನ್ ಆಯ್ತು" ಎಂದು ಕುಳಿತ ಮನೆಗಳು ಬೇಕಾದಷ್ಟಿವೆ.

ಯಾವ ಬಾಗಿಲು?

ತುರ್ತಲ್ಲದ ಕಾಯಿಲೆಗೆ ಮೊದಲ ಬಾಗಿಲು ಸರ್ಕಾರಿ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹಿಮ್ಸ್, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಅಲ್ಲೂ ಆ ಚಿಕಿತ್ಸೆ ಇಲ್ಲದಿದ್ದರೆ ವೈದ್ಯರು ರೆಫರಲ್ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿಸಿದ ಬೇರೆ ಆಸ್ಪತ್ರೆಗೆ, ಖಾಸಗಿಗೂ, ಹೋಗಬಹುದು. ಹೃದಯಕ್ಕೆ ಮೈಸೂರು ಅಥವಾ ಬೆಂಗಳೂರಿನ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ಚಾರ್ಮಾಡಿ ಮತ್ತು ಶಿರಾಡಿ ಕಡೆಯವರಿಗೆ ಮಂಗಳೂರು: ಸಾಮಾನ್ಯವಾಗಿ ದಾರಿ ಹೀಗೇ ಸಾಗುತ್ತದೆ.

ನೇರ ಮಂಗಳೂರಿಗೆ ಹೋಗಿ ಅಡ್ಮಿಟ್ ಆಗಿ, ಎರಡು ದಿನ ಬಿಟ್ಟು ತಮ್ಮನನ್ನು ರೆಫರಲ್ ತರಲು ಊರಿಗೆ ಅಟ್ಟುವುದು ಇಲ್ಲಿ ಪದೇ ಪದೇ ಕಾಣುವ ಎಡವಟ್ಟು. ಯೋಜನೆಯ ಒಪ್ಪಿಗೆ ಚಿಕಿತ್ಸೆಗೆ ಮೊದಲು ಆನ್‌ಲೈನಿನಲ್ಲಿ ಬರಬೇಕು. ಆಗಿಹೋದ ಆಪರೇಷನ್ನಿಗೆ ಹಿಂದಿನ ತಾರೀಖಿನ ಒಪ್ಪಿಗೆ ಹುಟ್ಟುವುದಿಲ್ಲ.

ಹೊರಡುವ ಮೊದಲು 104 ಅಥವಾ 14555ಕ್ಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಆ ಆಸ್ಪತ್ರೆ ಯೋಜನೆಯಲ್ಲಿದೆಯೇ? ಇದ್ದರೆ, ನಮ್ಮ ಕಾಯಿಲೆಯ ವಿಭಾಗಕ್ಕೂ ನೋಂದಣಿ ಇದೆಯೇ? ಎರಡನೆಯದನ್ನು ಕೇಳುವವರು ಕಡಿಮೆ. ಕಣ್ಣಿಗೆ ನೋಂದಣಿ ಇರುವ ಆಸ್ಪತ್ರೆಯಲ್ಲಿ ಮೂಳೆಗೆ ಇರಲೇಬೇಕೆಂದೇನಿಲ್ಲ.

ಆಸ್ಪತ್ರೆಯೊಳಗೆ ಹೋದ ಮೇಲೆ ಬಿಲ್ಲಿಂಗ್ ಕೌಂಟರಿಗಿಂತ ಮೊದಲು ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ಕಡೆಯಿಂದ ರೋಗಿಗಳಿಗೆ ನೆರವಾಗುವವರನ್ನು, ಹುಡುಕಿ. ಯೋಜನೆಯ ಆಸ್ಪತ್ರೆಗಳಲ್ಲಿ ಅವರಿಗಾಗಿಯೇ ಒಂದು ಮೇಜು ಇರುತ್ತದೆ. ಕಾರ್ಡ್ ಅವರ ಕೈಗೆ ಹೋದ ಮೇಲೆ ಅಡ್ಮಿಷನ್. ಮೊದಲೇ "ಕ್ಯಾಶ್ ಪೇಷಂಟ್" ಎಂದು ಬರೆಸಿಕೊಂಡು ಅಡ್ವಾನ್ಸ್ ಕಟ್ಟಿದರೆ ಆಮೇಲೆ ಬದಲಾಯಿಸುವುದು ದೊಡ್ಡ ತಲೆನೋವು. ಪ್ಯಾಕೇಜಿನಲ್ಲಿ ಹಾಸಿಗೆ, ಆಪರೇಷನ್, ಒಳಗಿದ್ದಾಗಿನ ಔಷಧಿ ಮತ್ತು ಪರೀಕ್ಷೆ ಸೇರಿರುತ್ತವೆ. ಬಿಪಿಎಲ್ ರೋಗಿಯ ಹತ್ತಿರ "ಇನ್ನೂ ಒಳ್ಳೆ ಸ್ಟೆಂಟ್ ಹಾಕ್ತೀವಿ, ವ್ಯತ್ಯಾಸ ನೀವು ಕೊಡಿ" ಎಂದರೆ ಅದು ನಿಯಮಕ್ಕೆ ವಿರುದ್ಧ. ಜಗಳ ಬೇಡ. ಕೇಳಿದ ಮೊತ್ತಕ್ಕೆ ರಸೀದಿ ಕೊಡಿ ಎನ್ನಿ, ಅಲ್ಲೇ ನಿಂತು 104ಕ್ಕೆ ದೂರು ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ರಸೀದಿಯ ಮಾತು ಬಂದ ಕೂಡಲೇ ಎಷ್ಟೋ ಬೇಡಿಕೆ ತಣ್ಣಗಾಗುತ್ತವೆ.

ತುರ್ತು ಬಂದರೆ ಲೆಕ್ಕ ಬೇರೆ

ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿಲ್ಲ. ಹತ್ತಿರದ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ಹಾಗಿದ್ದರೂ ಎದೆನೋವು ಬಂದವರನ್ನು ಸಕಲೇಶಪುರದಿಂದಲೋ ತರೀಕೆರೆಯಿಂದಲೋ ಸೀದಾ ದೂರದ ಊರಿಗೆ ಕಾರಿನಲ್ಲಿ ಒಯ್ಯಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ನೋಡಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಹೊರಗೆ ಕೊಂಡರೆ ಹತ್ತಾರು ಸಾವಿರದ ಮಾತು, ಕೊಡುವುದು ತಡವಾದಷ್ಟೂ ಅದರ ಉಪಯೋಗವೂ ಕಡಿಮೆ. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ಗಾಬರಿಯಿಂದ ತಪಾಸಣೆಗೆಂದು ಜಯದೇವದ ಮುಂದೆ ಸಾಲು ನಿಂತರು. ಮೊದಲ ಇಸಿಜಿಗೆ ಅಷ್ಟು ದೂರ ಹೋಗಬೇಕಿರಲಿಲ್ಲ.

ಹಾವು ಕಚ್ಚಿದರೂ ಇದೇ ಮಾತು. ವಿಷದ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ನಾಟಿ ಔಷಧಿಯವರ ಮನೆಯಲ್ಲಿ ಕಳೆದ ಗಂಟೆ ವಾಪಸ್ ಬರುವುದಿಲ್ಲ. ರಸ್ತೆ ಅಪಘಾತಕ್ಕೆ 2025ರ ಮೇ ತಿಂಗಳಿಂದ ಕೇಂದ್ರದ ನಗದುರಹಿತ ಯೋಜನೆ ಇದೆ: ಗಾಯಾಳುವಿಗೆ ಅಪಘಾತವಾದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂ. ತನಕ, ಕಾರ್ಡ್ ಯಾವುದೆಂದು ಕೇಳದೆ. ಪೊಲೀಸರಿಗೆ ಮಾಹಿತಿ ಹೋಗಿದ್ದರೆ ಮಾತ್ರ ಇದು ಸಲೀಸು, ಹಾಗಾಗಿ 112ಕ್ಕೆ ಕರೆ ಮಾಡುವುದನ್ನು ಬಿಡಬೇಡಿ. ಹೆರಿಗೆ, ಸಿಸೇರಿಯನ್ ಕೂಡ, ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ.

ಎಪಿಎಲ್ ಮನೆಗೆ ಯಶಸ್ವಿನಿ

ನಾಲ್ಕೈದು ಎಕರೆ ಕಾಫಿ, ಎರಡು ಹಸು, ಕೈಯಲ್ಲಿ ಎಪಿಎಲ್ ಕಾರ್ಡ್. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಇಂಥ ಮನೆಯೇ. ಸರ್ಕಾರದ ಕಣ್ಣಿಗೆ ಬಡವರಲ್ಲ, ಮೂರು ಲಕ್ಷದ ಬಿಲ್ಲು ತಡೆದುಕೊಳ್ಳುವ ಶಕ್ತಿಯೂ ಇಲ್ಲ. ಇವರಿಗೆ ಹೇಳಿಮಾಡಿಸಿದ್ದು ಯಶಸ್ವಿನಿ. 2003ರಲ್ಲಿ ಚಾಲ್ತಿಗೆ ಬಂದು, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಚಿಕಿತ್ಸೆ ಕೊಡುತ್ತಿರುವ ಸಹಕಾರಿ ಯೋಜನೆ ಇದು. ಮರುಜಾರಿಯಾದಾಗಿನ ದರದಲ್ಲಿ ಹಳ್ಳಿಯ 4 ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂ., ಮೇಲಿನ ಪ್ರತಿಯೊಬ್ಬರಿಗೆ 100. ನಗರದಲ್ಲಿ 1,000 ಮತ್ತು 200. ಆರು ಜನರ ಹಳ್ಳಿಮನೆ ಕಟ್ಟುವುದು 700 ರೂ., ಸಿಗುವ ರಕ್ಷಣೆ 5 ಲಕ್ಷ. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆ ಸರ್ಕಾರದ್ದು. ಜಾತಿ ಪ್ರಮಾಣಪತ್ರ ಬೇಕು.

ಇದಕ್ಕೆ ಸಹಕಾರ ಸಂಘದ ಸದಸ್ಯತ್ವ ಇರಬೇಕು. ಊರಿನ ಡೇರಿಗೆ ಹಾಲು ಹಾಕುವವರಿಗೆ ಅದು ಹೊರೆಯಲ್ಲ. ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯಲ್ಲೇ ಇವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘವೂ ಆಗುತ್ತದೆ. ಸರ್ಕಾರಿ ನೌಕರರಿಗೂ, ತಿಂಗಳಿಗೆ 30,000 ರೂ. ಮೇಲೆ ಸಂಬಳ ಇರುವ ಖಾಸಗಿ ನೌಕರರಿಗೂ ಇಲ್ಲ. ಯಶಸ್ವಿನಿ ಕೈತಪ್ಪುವುದು ಬಹುಪಾಲು ದಿನಾಂಕದ ವಿಷಯಕ್ಕೆ. ನೋಂದಣಿ ವರ್ಷಪೂರ್ತಿ ತೆರೆದಿರುವುದಿಲ್ಲ, ಸಾಮಾನ್ಯವಾಗಿ ಚಳಿಗಾಲದಲ್ಲಿ ಶುರುವಾಗಿ ಮಾರ್ಚ್ ಒಳಗೆ ಮುಚ್ಚುತ್ತದೆ. ನಮ್ಮಲ್ಲಿ ಅದು ಸರಿಯಾಗಿ ಕಾಫಿ ಕೊಯ್ಲಿನ ಕಾಲ, ತಲೆ ಎತ್ತಲು ಪುರುಸೊತ್ತಿಲ್ಲ. ಡಿಸೆಂಬರ್ ಹೊತ್ತಿಗೇ ಬಟವಾಡೆ ದಿನ ಡೇರಿ ಕಾರ್ಯದರ್ಶಿಯನ್ನು ಕೇಳಿಡಿ. ಹಿಂದಿನ ವರ್ಷದ ಕಾರ್ಡ್ ತಾನಾಗಿ ಮುಂದುವರಿಯುವುದಿಲ್ಲ. ಪ್ರತಿ ವರ್ಷ ಕಟ್ಟಬೇಕು.

ಕೂಲಿ, ಫ್ಯಾಕ್ಟರಿ ಕೆಲಸದವರಿಗೆ ಒಂದು ಮಾತು. ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ನಲ್ಲಿ 21,000 ರೂ. ಒಳಗಿನ ಸಂಬಳದವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರಬೇಕು. ನೌಕರರಿಂದ ಶೇ. 0.75, ಮಾಲೀಕರಿಂದ ಶೇ. 3.25. ಸಂಬಳದ ಚೀಟಿಯಲ್ಲಿ ಕಡಿತ ಇದ್ದೂ ಇಎಸ್‌ಐ ನಂಬರ್ ಕೊಡದಿದ್ದರೆ ಕೇಳಿ ಪಡೆಯಿರಿ. ದೊಡ್ಡ ತೋಟಗಳಲ್ಲಿ ಕಾರ್ಮಿಕರ ವೈದ್ಯಕೀಯ ಸೌಲಭ್ಯ ಮಾಲೀಕರ ಹೊಣೆ ಎನ್ನುವುದು 1951ರ ತೋಟ ಕಾರ್ಮಿಕರ ಕಾಯ್ದೆಯಿಂದಲೂ ಇರುವ ಮಾತು, ಯಾರ ದಯೆಯೂ ಅಲ್ಲ.

ಸ್ವಂತ ವಿಮೆ ಕೊಳ್ಳುವಾಗ

ಕೈಲಾದವರು ಖಾಸಗಿ ಆರೋಗ್ಯ ವಿಮೆ ಮಾಡಿಸಲೇಬೇಕು ಎಂಬುದು ನಮ್ಮ ಅಭಿಪ್ರಾಯ. ಅನುಕೂಲಸ್ಥರು ಬಿಪಿಎಲ್ ಕಾರ್ಡ್ ಉಳಿಸಿಕೊಳ್ಳಲು ಪಡುವ ಪಾಡಿನ ಅರ್ಧ ಇದಕ್ಕೆ ಸಾಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಗೆ ಶೇ. 18ರ ಜಿಎಸ್‌ಟಿ ಇಲ್ಲ.

ಬಿಪಿ, ಶುಗರ್, ಹಳೆಯ ಆಪರೇಷನ್, ಎಲ್ಲವನ್ನೂ ಅರ್ಜಿಯಲ್ಲಿ ಬರೆಯಿರಿ. "ಅದನ್ನೆಲ್ಲ ಬರೀಬೇಡಿ ಸಾರ್, ಪ್ರೀಮಿಯಂ ಜಾಸ್ತಿ ಆಗುತ್ತೆ" ಎನ್ನುವ ಏಜೆಂಟರಿದ್ದಾರೆ; ಕ್ಲೇಮ್ ತಿರಸ್ಕಾರವಾದಾಗ ಅವರು ಫೋನ್ ಎತ್ತುವುದಿಲ್ಲ. ಬರೆದರೆ ಆ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು. ಹೊಸ ಪಾಲಿಸಿಯ ಮೊದಲ 30 ದಿನ ಅಪಘಾತ ಬಿಟ್ಟು ಬೇರೇನೂ ಸಿಗುವುದಿಲ್ಲ. ಕಾಯಿಲೆ ಗೊತ್ತಾದ ಮೇಲೆ ಪಾಲಿಸಿಗೆ ಓಡುವುದು ದಂಡ.

ಜನ ಓದದೇ ಬಿಡುವ ಸಾಲೊಂದಿದೆ, ರೂಮ್ ಬಾಡಿಗೆಯ ಮಿತಿ. ಪಾಲಿಸಿಯಲ್ಲಿ ದಿನಕ್ಕೆ 5,000 ರೂ. ಮಿತಿ ಇದ್ದು ನೀವು 8,000ದ ರೂಮ್ ಹಿಡಿದರೆ ಕೈಯಿಂದ ಹೋಗುವುದು ಬರೀ 3,000ದ ವ್ಯತ್ಯಾಸವಲ್ಲ. ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಮುಂತಾದವನ್ನೂ ಕಂಪನಿ 5:8 ಅನುಪಾತದಲ್ಲೇ ಕೊಡುತ್ತದೆ. ಆ ಬಾಬ್ತು 1,60,000 ಇದ್ದರೆ ಬರುವುದು 1 ಲಕ್ಷ, ನಿಮ್ಮ ತಲೆಗೆ 60,000. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ, ಹಾಕಿದ್ದರೆ ಪ್ರಶ್ನಿಸಿ. ಸಾಧ್ಯವಾದರೆ ರೂಮ್ ಮಿತಿಯಿಲ್ಲದ ಪಾಲಿಸಿ ತೆಗೆದುಕೊಳ್ಳಿ, ಇಲ್ಲವೇ ಮಿತಿಯೊಳಗಿನ ರೂಮ್ ಕೇಳಿ.

ಪಾಲಿಸಿಯನ್ನು ಫೆಬ್ರವರಿ–ಮಾರ್ಚ್‌ನಲ್ಲಿ ಶುರು ಮಾಡಿ. ಆಗ ಪ್ರತಿ ವರ್ಷ ಕಂತು ಬರುವುದು ಕಾಫಿ ಮಾರಿದ ಹಣ ಕೈಯಲ್ಲಿರುವಾಗ. ಮಳೆಗಾಲದ ಬಿಗಿಯಲ್ಲಿ ಕಂತು ತಪ್ಪಿದರೆ, ಕಂತು ಕಟ್ಟಲು ಕಂಪನಿ ಕೊಡುವ ಹೆಚ್ಚುವರಿ ದಿನಗಳೂ ಮೀರಿದರೆ, ಕಾದ 36 ತಿಂಗಳು ಮತ್ತೆ ಮೊದಲಿಂದ.

ಕಂಪನಿ ಕ್ಲೇಮ್ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, ಮೊದಲು ಕಂಪನಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಯಾವ ಕಾರ್ಡೂ ಕೊಡದ ಹಣ

ಕಾರು ಬಾಡಿಗೆ, ಜೊತೆಯವರ ಊಟ, ಅಡ್ಮಿಟ್ ಆಗುವ ಮೊದಲಿನ ಸ್ಕ್ಯಾನ್, ಕಳೆದುಹೋದ ಕೂಲಿ. ನಿಮ್ಮೂರಿನ ದರ ಹಾಕಿ ಕೂಡಿ ನೋಡಿ. ರೋಗಿ ಮತ್ತು ನೋಡಿಕೊಳ್ಳುವವರು, ದಿನಕ್ಕೆ 500 ರೂ. ಕೂಲಿಯಂತೆ 15 ದಿನ: 15,000. ಊಟ ತಿಂಡಿ ದಿನಕ್ಕೆ 300ರಂತೆ 10 ದಿನ: 3,000. ಓಡಾಟ, ಪರೀಕ್ಷೆ ಸೇರಿಸಿದರೆ "ಉಚಿತ" ಆಪರೇಷನ್ನಿಗೂ 30 ಸಾವಿರದ ಆಸುಪಾಸು ಬೇಕು. ಇಷ್ಟನ್ನು ಅಂಚೆ ಕಚೇರಿಯ ಅಥವಾ ಸಂಘದ ಆರ್‌ಡಿಯಲ್ಲಿ ಬೇರೆಯೇ ಇಡಿ. ಗೃಹಲಕ್ಷ್ಮಿಯ 2,000ದಲ್ಲಿ ತಿಂಗಳಿಗೆ 500 ತೆಗೆದಿಟ್ಟರೂ ವರ್ಷಕ್ಕೆ 6,000. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಜನೌಷಧಿಯಲ್ಲಿ ಅಗ್ಗ. ಆ ಮಾತ್ರೆ ನಿಲ್ಲಿಸಿದ ಮನೆಗಳಿಂದಲೇ ಮುಂದೆ ಡಯಾಲಿಸಿಸ್ ಹಾಸಿಗೆಗಳು ತುಂಬುವುದು.

ಎಲ್ಲ ದಾರಿಯೂ ಮುಚ್ಚಿ ಬಿಲ್ಲು ಕಟ್ಟಿದ್ದೇ ಆದರೆ ಶಾಸಕರ ಕಚೇರಿಯ ಮೂಲಕ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಮೂಲ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕು. ಮೂಲ ಪ್ರತಿ ಯಾರಿಗೆ ಕೊಡುವ ಮೊದಲೂ ಎರಡು ಜೆರಾಕ್ಸ್ ಮಾಡಿಟ್ಟುಕೊಳ್ಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಸರು, ವಯಸ್ಸು, ಸೇರಿದ ದಿನ, ಕಾಯಿಲೆಯ ಹೆಸರು ಸರಿಯಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ಓದಿಸಿಕೊಳ್ಳಿ. ಒಂದಕ್ಷರ ತಪ್ಪಿದ್ದರೂ ತಿದ್ದಿಸಲು ಘಟ್ಟ ಇಳಿದು ಮತ್ತೆ ಮಂಗಳೂರಿಗೆ ಹೋಗಬೇಕಾಗುತ್ತದೆ.